ಟಿಲ್ಲರ್ ಒಳಗೆ ಸಿಕ್ಕ ಮದುವೆ ಕಾಗದ

22 ಸಾವಿರಕ್ಕೆ ಟಿಲ್ಲರ್ ತಗೊಂಡೆ ಅಂತ ಫೋನಲ್ಲಿ ಹೇಳಿದ್ದಕ್ಕೆ ಹೆಂಡತಿ ಕೇಳಿದ ಮೊದಲ ಪ್ರಶ್ನೆ "ಚಕ್ರ ಇದ್ಯಾ?" ಅಂತ. ಇತ್ತು. ಎರಡೂ ಇತ್ತು, ಒಂದರಲ್ಲಿ ಗಾಳಿನೂ ಇತ್ತು. ಟಿಲ್ಲರ್ ಅಂದ್ರೆ ಹಿಡಿಕೆ ಹಿಡಿದು ಹಿಂದೆ ನಡೀತಾ ಗದ್ದೆ ಉಳೋ, ಟ್ರೈಲರ್ ಸಿಗಿಸಿದ್ರೆ ಹೊರೆನೂ ಎಳೆಯೋ ಎರಡು ಚಕ್ರದ ಡೀಸೆಲ್ ಗಾಡಿ.

ನಮ್ಮದು ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ಒಂದೂವರೆ ಎಕರೆ ಅಡಿಕೆ ತೋಟ, ಪಕ್ಕದಲ್ಲೇ ಒಂದು ಚೂರು ಗದ್ದೆ, ಮೇಲ್ಗಡೆ ಸೊಪ್ಪಿನಬೆಟ್ಟ. ನಾನು ವಾರಕ್ಕೆ ಆರು ದಿನ ಪೇಟೇಲಿ ಲೆಕ್ಕ ಬರೆಯೋನು, ಭಾನುವಾರ ಮಾತ್ರ ಕೃಷಿಕ. ಬೆಟ್ಟದಿಂದ ಸೊಪ್ಪು ತರೋದು, ಗೊಬ್ಬರ ತೋಟಕ್ಕೆ ಇಳಿಸೋದು, ಅಡಿಕೆ ಕೊಯ್ದಾಗ ಗೊನೆ ಮೇಲೆ ಹತ್ತಿಸೋದು, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಔಷಧಿಯ ಡ್ರಮ್ಮು, ಮೈಲುತುತ್ತ, ಸುಣ್ಣ ಸಾಗಿಸೋದು, ಎಲ್ಲಾ ತಲೆಹೊರೆ ಇಲ್ಲಾ ಕೈಗಾಡಿ. ಆಳು ಸಿಗೋದು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ ಬಿಡಿ. ಟ್ರ್ಯಾಕ್ಟರ್ ನಮ್ಮ ದಾರೀಲಿ ಇಳಿಯೋದೇ ಇಲ್ಲ, ಇಳಿದ್ರೂ ಒಂಬತ್ತು ಅಡಿಗೊಂದು ಮರ, ಮಧ್ಯೆ ಕಾದಿಗೆ (ನೀರು ಬಸಿಯೋ ಕಾಲುವೆ) ಇರೋ ತೋಟದಲ್ಲಿ ಅದು ತಿರುಗೋದಾದ್ರೂ ಎಲ್ಲಿ. ಬಾಡಿಗೆ ಟಿಲ್ಲರ್‌ನೋರನ್ನ ಕರೆದ್ರೆ "ನಾಳೆ ಬರ್ತೆ" ಅಂತಾರೆ, ಆ ನಾಳೆ ಆರಿದ್ರ ಮಳೆ ಹಿಡಿದ ಮೇಲೇ ಬರೋದು. ಹೊಸದು ತಗೊಳೋಣ ಅಂದ್ರೆ 2 ಲಕ್ಷದ ಆಸುಪಾಸು, ಸಬ್ಸಿಡಿಗೆ ಅರ್ಜಿ ಹಾಕಿ ಕಾಯೋ ತಾಳ್ಮೆ ನನಗಿಲ್ಲ. ಅದಕ್ಕೇ ಹಳೇದು ಹುಡುಕೋಕೆ ಶುರು ಮಾಡಿದ್ದು.

ಪೂರ್ತಿ ಇದೇ ಕಾರಣ ಅಂದ್ರೆ ಸುಳ್ಳಾಗತ್ತೆ. ಚಿಕ್ಕವನಿದ್ದಾಗ ನಮ್ಮೂರಿಗೆ ಬಂದಿದ್ದು ಒಂದೇ ಟಿಲ್ಲರು, ಮಿತ್ಸುಬಿಷಿ ಶಕ್ತಿ. ಡಗ್ ಡಗ್ ಡಗ್ ಅಂತ ಅದರ ಸದ್ದು ಗುಡ್ಡದಾಚೆ ಕೇಳ್ತಿದ್ದ ಹಾಗೆ ನಾವು ಹುಡುಗರು ಓಡ್ತಿದ್ವಿ, ಟ್ರೈಲರ್ ಹಿಂದೆ ಜೋತು ಬಿದ್ದು ಬೈಸ್ಕೊಳ್ತಿದ್ವಿ. ಹೆಸರು ಜಪಾನಿದಾದ್ರೂ ಅದು ಬೆಂಗಳೂರಲ್ಲೇ ತಯಾರಾಗ್ತಿದ್ದ ಗಾಡಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ವಿಎಸ್‌ಟಿ ಕಂಪನಿ 1967ರಲ್ಲಿ ಶುರುವಾಗಿ ಮಿತ್ಸುಬಿಷಿ ಜೊತೆ ಸೇರಿ ಇದನ್ನ ಮಾಡ್ತು. ಘಟ್ಟದ ಕೆಳಗೆ ಹೋದ್ರೆ ಕಾಮ್ಕೋ ಜಾಸ್ತಿ ಕಾಣತ್ತೆ, ಅದು ಕೇರಳ ಸರ್ಕಾರದ ಕಂಪನಿ, 1973ರದ್ದು, ಕುಬೋಟಾ ತಂತ್ರಜ್ಞಾನ. ಜಪಾನಿನ ಚಿಕ್ಕ ಚಿಕ್ಕ ಗದ್ದೆಗೆ ಅಂತ ಮಾಡಿದ ಯಂತ್ರ ನಮ್ಮ ಮಲೆನಾಡಿನ ಮೆಟ್ಟಿಲು ಗದ್ದೆಗೆ ಅಳತೆ ತಗೊಂಡು ಹೊಲಿಸಿದ ಹಾಗೆ ಕೂತಿದೆ. ಹುಡುಕುವಾಗ ನನ್ನದು ಒಂದೇ ಶರತ್ತು, ಈ ಎರಡರಲ್ಲಿ ಒಂದಾಗಿರಬೇಕು. ನಡುವೆ ಚೀನಾದಿಂದ ಹತ್ತಾರು ಹೆಸರಲ್ಲಿ ಟಿಲ್ಲರ್ ಬಂದ್ವಲ್ಲ, 2020ರಲ್ಲಿ ಕೇಂದ್ರದೋರು ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡೋ ತನಕ, ಅದರಲ್ಲಿ ಹಳೇದು ತಗೊಂಡ್ರೆ ಒಂದು ಆಯಿಲ್ ಸೀಲಿಗೂ ಊರೂರು ಅಲೀಬೇಕು.

ಶಿವರಾತ್ರಿ ಆದ ವಾರ ಹೊಸನಗರದ ಕಡೆಯಿಂದ ಒಂದು ಸುದ್ದಿ ಬಂತು. ಹೋಗಿ ನೋಡಿದ್ರೆ ಕೊಟ್ಟಿಗೆ ಮೂಲೇಲಿ ಸೋಗೆ ಹೊರೆ, ಹರಿದ ಟಾರ್ಪಾಲು, ಅದರ ಅಡಿಗೆ ಶಕ್ತಿ. ಟೂಲ್ ಬಾಕ್ಸ್ ಒಳಗೆ ಕೋಳಿ ಕಾವಿಗೆ ಕೂತಿತ್ತು. ಯಜಮಾನ್ರು ವಯಸ್ಸಾದೋರು, ಮಕ್ಕಳು ಬೆಂಗಳೂರಲ್ಲಿ, ನಾಲ್ಕು ವರ್ಷದಿಂದ ಗಾಡಿ ನಿಂತಲ್ಲೇ ಇದೆ. "30 ಸಾವಿರ ಕೊಡಿ" ಅಂದ್ರು. ನಾನು ಬರೋವಾಗಲೇ ಗುಜರಿಯೋನ ಹತ್ರ ರೇಟ್ ಕೇಳ್ಕೊಂಡು ಬಂದಿದ್ದೆ, ಕೆಜಿಗೆ 30 ರೂಪಾಯಿ ಹೇಳಿದ್ದ, ಗಾಡಿ 400 ಕೆಜಿ ಮೇಲೆ ತೂಗತ್ತೆ, ಅಂದ್ರೆ ಗುಜರಿಗೆ ಹಾಕಿದ್ರೂ 12 ಸಾವಿರಕ್ಕೆ ಮೋಸ ಇಲ್ಲ. ಹಳೇ ಗಾಡಿ ಚೌಕಾಸಿಗೆ ಇದೇ ನೆಲ, ಇದರ ಕೆಳಗೆ ಕೇಳಿದ್ರೆ ಕೊಡೋರಿಗೂ ಬೇಜಾರು, ಕೇಳೋರಿಗೂ ಮರ್ಯಾದೆ ಅಲ್ಲ.

ನೋಡಿದ್ದು ಏನೇನು ಅಂದ್ರೆ, ಮೊದಲು ಸ್ಟಾರ್ಟ್ ಮಾಡೋ ಹ್ಯಾಂಡಲ್ ಹಾಕಿ ತಿರುಗಿಸಿದೆ. ಸಿಲಿಂಡರಿನ ಗಾಳಿ ಹೊರಗೆ ಬಿಡೋ ಡಿಕಂಪ್ರೆಷನ್ ಲಿವರ್ ಎತ್ತಿದ್ರೆ ಸಲೀಸಾಗಿ ತಿರುಗ್ತು, ಅಂದ್ರೆ ಪಿಸ್ಟನ್ ಹಿಡಿದಿಲ್ಲ. ಲಿವರ್ ಬಿಟ್ಟು ತಿರುಗಿಸಿದ್ರೆ ಕಂಪ್ರೆಷನ್‌ಗೆ ಕೈ ವಾಪಸ್ ತಳ್ಳಬೇಕು, ಇದು ತಳ್ಳಲಿಲ್ಲ, ಉಸ್ ಅಂತ ಉಸಿರು ಬಿಡ್ತು. ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸೋ ಪ್ಲಗ್ ಇಲ್ಲ ಗಿಗ್ ಇಲ್ಲ, ಗಾಳಿನ 17-18 ಪಟ್ಟು ಒತ್ತಿ ಆ ಬಿಸಿಗೇ ಡೀಸೆಲ್ ಹೊತ್ತಬೇಕು, ಉಸಿರು ಸೋರಿದ್ರೆ ಕಥೆ ಮುಗೀತು. ಗೇರ್‌ಬಾಕ್ಸಿನ ಆಯಿಲ್ ಅಳೆಯೋ ಕಡ್ಡಿ ತೆಗೆದು ನೋಡಿದ್ರೆ ಆಯಿಲ್ ಬದಲು ಹಾಲು ಜಾಸ್ತಿಯಾದ ಕಾಫಿ. ನೀರು ಸೇರಿದೆ. ಇಷ್ಟು ನೋಡಿದ್ಮೇಲೆ ಬುದ್ಧಿ ಇದ್ದೋನು ವಾಪಸ್ ಬರ್ತಿದ್ದ. ನಾನು 22 ಕೊಟ್ಟೆ. ಯಜಮಾನ್ರು ದುಡ್ಡು ಎಣಿಸಿ, ಕೋಳಿ ಎತ್ತಿ ಬುಟ್ಟಿಗೆ ಹಾಕಿ, "ಮರಿ ಆಗೋ ತನಕ ತಡ್ಕೊಳ್ಳಿ ಅನ್ನೋಣ ಅಂತಿದ್ದೆ" ಅಂದ್ರು.

ಪಿಕಪ್ಪಲ್ಲಿ ಮನೆಗೆ ತಂದು ಅಡಿಕೆ ದಬ್ಬೆ ಹಾಕಿ ಇಳಿಸೋ ಹೊತ್ತಿಗೆ ದಬ್ಬೆ ಮುರಿದು ಗಾಡಿ ಅರ್ಧ ಇಳಿದು ಅರ್ಧ ನಿಂತಿದ್ದು, ಅಪ್ಪಯ್ಯ ಜಗುಲೀಲಿ ಕೂತು ಕವಳ ಹಾಕ್ತಾ ಅದನ್ನ ಪೂರ್ತಿ ನೋಡಿ, "ಇದನ್ನ ಇಳ್ಸೋಕೆ ಇನ್ನೊಂದು ಟಿಲ್ಲರ್ ಬೇಕಿತ್ತು" ಅಂದಿದ್ದು, ಅದೆಲ್ಲಾ ವಿವರ ಬೇಡ.

ಆಮೇಲೆ ಶುರುವಾಯ್ತು ಬಿಚ್ಚೋ ಕೆಲಸ. ನನಗೆ ಪಾನ (ಸ್ಪ್ಯಾನರ್) ಹಿಡಿಯೋಕೆ ಬರತ್ತೆ, ಪಂಪ್‌ಸೆಟ್ ರಿಪೇರಿ ಮಾಡ್ಕೊಳ್ಳೋವಷ್ಟು. ಇಂಜಿನ್ ಒಳಗಿನ ಕೆಲಸಕ್ಕೆ ಮಾತ್ರ ನಮ್ಮೂರ ಮೆಕ್ಯಾನಿಕ್ ಅಣ್ಣ ಬೇಕು, ಅವ್ರು ಭಾನುವಾರ ಮಾತ್ರ ಬರೋದು, ಅದೂ ಊಟ ನಮ್ಮನೇಲಿ ಅಂದ್ರೆ. ಇಬ್ರೂ ಕೂತು ಒಂದೊಂದೇ ಬಿಚ್ಚುತ್ತಾ ಹೋದ ಹಾಗೆ ಒಂದು ವಿಷ್ಯ ಗೊತ್ತಾಯ್ತು. ಗಾಡಿ ಸವೆದು ಹಾಳಾಗಿದ್ದಕ್ಕಿಂತ ರಿಪೇರಿ ಮಾಡಿ ಮಾಡಿ ಹಾಳಾಗಿದ್ದೇ ಜಾಸ್ತಿ. ಡೀಸೆಲ್ ಟ್ಯಾಂಕಿನ ಅಡಿಗೆ ತೂತು, ಅದಕ್ಕೆ ಬಟ್ಟೆ ಸೋಪು ಮೆತ್ತಿ ಅದರ ಮೇಲೆ ಎಂಸೀಲ್, ಅದರ ಮೇಲೆ ಮತ್ತೆ ಸೋಪು. ರೇಡಿಯೇಟರ್ ಹೋಸ್ ಇರಬೇಕಾದಲ್ಲಿ ಸೈಕಲ್ ಟ್ಯೂಬಿಗೆ ಬೈಂಡಿಂಗ್ ವಯರ್ ಸುತ್ತಿದ್ದು. ನಟ್ಟು, ಪಿನ್ನು ಕಳಚದ ಹಾಗೆ ಹಾಕೋ ಸ್ಪ್ಲಿಟ್ ಪಿನ್ ಅನ್ನೋ ವಸ್ತು ಇಡೀ ಗಾಡೀಲಿ ಒಂದೂ ಇಲ್ಲ, ಎಲ್ಲಾ ಕಡೆ ಮೊಳೆ. ಇಂಜಿನ್ ವೇಗ ಹಿಡಿತದಲ್ಲಿಡೋ ಗವರ್ನರಿನ ಸ್ಪ್ರಿಂಗ್ ಯಾವುದೋ ಬೇರೆ ಗಾಡೀದು, ಅದನ್ನ ಎಳೆದು ಉದ್ದ ಮಾಡಿ ಸಿಗಿಸಿದ್ರು. ಮೆಕ್ಯಾನಿಕ್ ಅಣ್ಣ ಒಂದೊಂದು ಬಿಚ್ಚಿದಾಗ್ಲೂ "ಯಾರಪ್ಪಾ ಇದು ಕೈ ಹಾಕಿದ್ದು" ಅಂತ ಬೈಯೋದು. ಐದಾರು ಸಲ ಬೈದಾದ್ಮೇಲೆ ಒಂದು ಬೋಲ್ಟ್ ಹತ್ರ ಸುಮ್ನಾದ್ರು. ಹತ್ತು ವರ್ಷದ ಹಿಂದೆ ಹೊಸನಗರದಲ್ಲಿ ಒಂದು ಗ್ಯಾರೇಜಲ್ಲಿ ಕೆಲಸಕ್ಕಿದ್ರಂತೆ, "ಈ ವೆಲ್ಡಿಂಗ್ ನಂದೇ ಇದ್ದಂಗಿದೆ ಕಣೋ" ಅಂದ್ರು.

ಮದುವೆ ಕಾಗದ ಸಿಕ್ಕಿದ್ದು ಗೇರ್‌ಬಾಕ್ಸಿನ ಸೈಡ್ ಕವರ್ ತೆಗೆದಾಗ. ಕವರಿಗೂ ಬಾಡಿಗೂ ನಡುವೆ ಪ್ಯಾಕಿಂಗ್ ಅಂತ ಒಂದು ದಪ್ಪ ಕಾಗದ ಇರತ್ತೆ, ಆಯಿಲ್ ಹೊರಗೆ ಬರದಿರೋ ಹಾಗೆ. ಅಂಗಡೀಲಿ ಪ್ಯಾಕಿಂಗ್ ಶೀಟ್ ಅಂತ ಸಿಗತ್ತೆ, ಕವರಿನ ಅಂಚಿಗೆ ಇಟ್ಟು ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ರೆ ಅದೇ ಆಕಾರಕ್ಕೆ ಕತ್ತರಿಸಿ ಬರತ್ತೆ. ಇಲ್ಲಿದ್ದದ್ದು ಶೀಟ್ ಅಲ್ಲ. ಬ್ಲೇಡಿಂದ ಸೂಕ್ಷ್ಮವಾಗಿ ಎಬ್ಬಿಸಿ ಸೀಮೆಎಣ್ಣೇಲಿ ತೊಳೆದ್ರೆ ಅಕ್ಷರ ಕಾಣಿಸ್ತು. ಮೇಲೆ ಗಣಪತಿಯ ಅರ್ಧ ಸೊಂಡಿಲು, ಬೋಲ್ಟಿನ ತೂತು ಸರಿಯಾಗಿ ಹೊಟ್ಟೆ ಮೇಲೆ. ಕೆಳಗೆ "ಚಿ। ರಾ।" ಆದ್ಮೇಲೆ ಹುಡುಗನ ಹೆಸರಿನ ಜಾಗ ಪೂರ್ತಿ ಕತ್ತರಿಸಿ ಹೋಗಿದೆ, "ಚಿ। ಸೌ।" ಆದ್ಮೇಲೆ ಹುಡುಗಿ ಹೆಸರಿನ ಕೊನೇ ಅಕ್ಷರ ಮಾತ್ರ. ಬಾಗಿದ ಅಂಚಿನ ಉದ್ದಕ್ಕೂ "ಉಡುಗೊರೆಗಳನ್ನು ದಯವಿಟ್ಟು ನಿರೀಕ್ಷಿಸುವುದಿಲ್ಲ". ಇಸವಿ ಸ್ಪಷ್ಟವಾಗಿತ್ತು, 2004. ದಯವಿಟ್ಟು ನಿರೀಕ್ಷಿಸುವುದಿಲ್ಲ ಅಂದ್ರೆ ಎಂಥ ಅರ್ಥ ಅಂತ ನಾವಿಬ್ರೂ ಸ್ವಲ್ಪ ಹೊತ್ತು ಚರ್ಚೆ ಮಾಡಿದ್ವಿ. ಆದ್ರೆ ಕಾಗದ ಒಳ್ಳೇ ದಪ್ಪದ್ದು, ಸೋರಿದ್ದು ಅಲ್ಲಿಂದ ಅಲ್ಲ, ನೀರು ಹೋಗಿದ್ದು ಮೇಲಿನ ಗೇರ್ ಲಿವರ್‌ನ ರಬ್ಬರ್ ಹರಿದಲ್ಲಿಂದ. ಇಪ್ಪತ್ತು ವರ್ಷ ಆ ಕಾಗದ ಆಯಿಲ್ ಹಿಡಿದು ನಿಂತಿದೆ.

ಇಂಜಿನ್ ಹೆಡ್ ಬಿಚ್ಚಿದ್ರೆ ಲೈನರಿನ (ಪಿಸ್ಟನ್ ಓಡಾಡೋ ಕೊಳವೆ) ಮೇಲ್ಗಡೆ ಸವೆದು ಉಗುರಿಗೆ ಸಿಗೋವಷ್ಟು ಮೆಟ್ಟಿಲು ಬಿದ್ದಿತ್ತು. ಲೈನರ್, ಪಿಸ್ಟನ್, ರಿಂಗ್ ಸೆಟ್ ಹೊಸದು. ಇದರದ್ದು ನೀರಿಗೆ ತಾಗ್ಕೊಂಡೇ ಇರೋ ಲೈನರ್, ಹೊರಗಡೆ ರಬ್ಬರ್ ರಿಂಗ್ ಇರತ್ತೆ, ಅದಕ್ಕೆ ಸೋಪ್ ನೀರು ಹಚ್ಚಿ ಕೂರಿಸದೆ ಒಣ ಒಣ ಬಡಿದ್ರೆ ರಬ್ಬರ್ ಕತ್ತರಿಸಿ ಮುಂದಿನ ವಾರ ಇಂಜಿನ್ ಆಯಿಲಲ್ಲೂ ಕಾಫಿ. ವಾಲ್ವ್ ಉಜ್ಜೋ ಕೆಲಸ ನನಗೆ ಕೊಟ್ರು, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ತಿರುಗಿಸ್ತಾ ಕೂತ್ಕೊಳ್ಳೋದು. ಎರಡು ಸಂಜೆ ಅದೇ ಆಯ್ತು. ವಾಲ್ವ್ ಕೂರೋ ಸೀಟ್ ಸುತ್ತ ಬೂದು ಬಣ್ಣದ ಗೆರೆ ಎಲ್ಲೂ ತುಂಡಾಗದೆ ಒಂದೇ ಸಮ ಬರಬೇಕು, ಬಂದ್ಮೇಲೆ ಪೋರ್ಟಿಗೆ ಸೀಮೆಎಣ್ಣೆ ಸುರಿದು ಇಟ್ಟು, ಬೆಳಗ್ಗೆ ಒಂದು ಹನಿ ಜಿನುಗದೇ ಇದ್ರೆ ಪಾಸು. ನಂದು ಎರಡನೇ ಪ್ರಯತ್ನಕ್ಕೆ ಪಾಸಾಯ್ತು. ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಪಂಪು ನಾಝಲ್ಲು ಶಿವಮೊಗ್ಗಕ್ಕೆ ಕಳಿಸಿದ್ವಿ, ಅದು ಮನೇಲಿ ಮಾಡೋ ಕೆಲಸ ಅಲ್ಲ.

ಜೋಡಿಸಿ ಮುಗಿದಿದ್ದು ಏಪ್ರಿಲ್ ಕೊನೆಗೆ. ಟ್ಯಾಂಕಿಗೆ ಡೀಸೆಲ್ ಹಾಕಿ ಏರ್ ತೆಗೆಯೋದು, ಮೊದಲು ಫಿಲ್ಟರ್ ಹತ್ರ, ಆಮೇಲೆ ಪಂಪ್ ಹತ್ರ, ಕೊನೆಗೆ ನಾಝಲ್ ಪೈಪಿನ ನಟ್ ಸಡಿಲ ಮಾಡಿ ಹ್ಯಾಂಡಲ್ ತಿರುಗಿಸಿದ್ರೆ ಗುಳ್ಳೆ ಬರೋದು ನಿಂತು ಡೀಸೆಲ್ ಚಿಮ್ಮತ್ತೆ. ನಟ್ ಬಿಗಿ ಮಾಡಿ, ಲಿವರ್ ಎತ್ತಿ ಮತ್ತೆ ತಿರುಗಿಸಿದ್ರೆ ಬಿಟ್ಟು ಬಿಟ್ಟು ಒಳಗಿಂದ "ಕಿರ್ಕ್" ಅಂತ ಸದ್ದು. ಕಪ್ಪೆ ಮರಿ ವಟಗುಟ್ಟಿದ ಹಾಗೆ. ನಾಝಲ್ ಸರಿಯಾಗಿ ಸ್ಪ್ರೇ ಹೊಡೀತಿದೆ ಅಂತ ಅದರ ಅರ್ಥ. ಮೆಕ್ಯಾನಿಕ್ ಅಣ್ಣ ಕಿವಿ ಕೊಟ್ಟು ಕೇಳಿ, "ಹ್ಞಾಂ, ಮಾತಾಡ್ತು" ಅಂದ್ರು.

ಹ್ಯಾಂಡಲ್ ಹೊಡೆಯೋಕೆ ನಾನೇ ನಿಂತೆ. ಹೆಬ್ಬೆರಳು ಹ್ಯಾಂಡಲ್ ಸುತ್ತ ಹಾಕಬಾರದು, ಉಳಿದ ನಾಲ್ಕು ಬೆರಳಿನ ಕಡೆಗೇ ಇರಬೇಕು, ವಾಪಸ್ ಒದ್ರೆ ಹೆಬ್ಬೆರಳು ಉಳಿಯತ್ತೆ, ಇದನ್ನ ಮೂರು ಸಲ ಹೇಳಿದ್ರು. ನಾನು ಸ್ಪೀಡ್ ಬರೋಕೆ ಮುಂಚೇನೇ ಹೆದರಿ ಲಿವರ್ ಬಿಟ್ಟೆ. ಒದೀತು ನೋಡಿ, ಹ್ಯಾಂಡಲ್ ಕೈಯಿಂದ ಕಿತ್ಕೊಂಡು ಎರಡು ಸುತ್ತು ತಿರುಗಿ ಎಗರಿ ಹೋಗಿ ಗೊಬ್ಬರ ಗುಂಡಿಗೆ ಬಿತ್ತು. ಆದ್ರೆ ಇಂಜಿನ್ ಸ್ಟಾರ್ಟ್! ನಾನು ಕುಣಿಯೋದೊಂದು ಬಾಕಿ. ಮೆಕ್ಯಾನಿಕ್ ಅಣ್ಣ ಮಾತ್ರ "ನಿಲ್ಸು ಮಾರಾಯ, ನಿಲ್ಸು!" ಅಂತ ಓಡಿ ಬಂದ್ರು. ನೋಡ್ತೀನಿ, ಹೊಗೆ ಸೈಲೆನ್ಸರಿಂದ ಬರ್ತಾ ಇಲ್ಲ, ಏರ್ ಫಿಲ್ಟರಿಂದ ಬರ್ತಿದೆ, ಫಿಲ್ಟರ್ ಒಳಗಿದ್ದ ಆಯಿಲ್ ಎಲ್ಲಾ ಕೊಟ್ಟಿಗೆ ಗೋಡೆಗೆ, ನನ್ನ ಅಂಗಿಗೆ. ಇಂಜಿನ್ ಉಲ್ಟಾ ಓಡ್ತಿತ್ತು. ಒಂಟಿ ಸಿಲಿಂಡರ್ ಡೀಸೆಲ್ ವಾಪಸ್ ಒದ್ದಾಗ ಹೀಗೂ ಹತ್ಕೊಳ್ಳತ್ತಂತೆ, ಸೈಲೆನ್ಸರಿಂದ ಗಾಳಿ ಎಳ್ಕೊಂಡು ಮೂಗಿಂದ ಹೊಗೆ ಬಿಡೋದು. ಹಾಗೇ ಬಿಟ್ರೆ ಆಯಿಲ್ ಪಂಪೂ ಉಲ್ಟಾ, ಬೇರಿಂಗಿಗೆ ಆಯಿಲ್ ಹೋಗಲ್ಲ, ಎರಡು ತಿಂಗಳ ಕೆಲಸ ಎರಡು ನಿಮಿಷಕ್ಕೆ ಗೋವಿಂದ. ಲಿವರ್ ಎತ್ತಿ ನಿಲ್ಲಿಸಿದ್ರು. ಅಪ್ಪಯ್ಯ ಜಗುಲಿಯಿಂದಲೇ, "ಹಿಂದಕ್ಕೆ ಉಳೋಕೆ ಬರತ್ತಾ ಅದು?"

ಗೊಬ್ಬರ ಗುಂಡಿಯಿಂದ ಹ್ಯಾಂಡಲ್ ಹುಡುಕಿ ತೊಳೆದು ಮತ್ತೆ ಹೊಡೆದೆ. ಈ ಸಲ ಸರಿಯಾಗಿ. ಡಗ್... ಡಗ್... ಡಗ್ ಡಗ್ ಡಗ್. ಮೊದಲು ಬಿಳಿ ಹೊಗೆ, ಆಮೇಲೆ ಏನೂ ಕಾಣದಷ್ಟು ತಿಳಿ. ಇದರ ಬಗ್ಗೆ ಎರಡು ಸಾಲು ಭಾವುಕವಾಗಿ ಬರೆಯೋಣ ಅಂದ್ಕೊಂಡಿದ್ದೆ, ಆದ್ರೆ ಆವತ್ತು ಸಂಜೆ ಕೈ ಊದಿ ಅನ್ನ ಕಲಸೋಕೂ ಆಗ್ಲಿಲ್ಲ, ಅದೇ ನೆನಪು.

ರೋಟರಿ ಬ್ಲೇಡ್ ಹಾಕೋವಾಗ ಎಡ ಬಲ ಅದಲು ಬದಲು ಮಾಡಿ ಗದ್ದೆ ಮಧ್ಯೆ ಏರಿ ಎದ್ದಿದ್ದು ಸಣ್ಣ ತಪ್ಪು, ಬ್ಲೇಡ್ ಬಿಚ್ಚಿ ಹಾಕಿದ್ರೆ ಆಯ್ತು. ದೊಡ್ಡ ಪಾಠ ಆಗಿದ್ದು ತೋಟದ ಇಳಿಜಾರಲ್ಲಿ, ಇದನ್ನ ಹೊಸದಾಗಿ ಟಿಲ್ಲರ್ ಹಿಡಿಯೋರು ಯಾರಾದ್ರೂ ಓದ್ತಿದ್ರೆ ದಯವಿಟ್ಟು ಎರಡು ಸಲ ಓದಿ. ಹಿಡಿಕೆ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸೈಡ್ ಕ್ಲಚ್ ಇರತ್ತೆ. ಸಮತಟ್ಟಲ್ಲಿ ಎಡದ್ದು ಒತ್ತಿದ್ರೆ ಎಡ ಚಕ್ರಕ್ಕೆ ಪವರ್ ಕಟ್ಟು, ಬಲ ಚಕ್ರ ತಳ್ಳತ್ತೆ, ಗಾಡಿ ಎಡಕ್ಕೆ ತಿರುಗತ್ತೆ. ಇಳಿಜಾರಲ್ಲಿ ಹಾಗಲ್ಲ. ಅಲ್ಲಿ ಚಕ್ರನ ಹಿಡಿದು ನಿಲ್ಲಿಸಿರೋದೇ ಇಂಜಿನ್ನು, ಎಡ ಕ್ಲಚ್ ಒತ್ತಿದ್ರೆ ಎಡ ಚಕ್ರದ ಹಿಡಿತ ತಪ್ಪಿ ಅದೇ ಮುಂದಕ್ಕೆ ಓಡತ್ತೆ, ಗಾಡಿ ಬಲಕ್ಕೆ ತಿರುಗತ್ತೆ. ಗೊಬ್ಬರ ತುಂಬಿದ ಟ್ರೈಲರ್ ಹಿಂದೆ ತಳ್ತಿದೆ, ಎಡಕ್ಕೆ ಹೋಗಬೇಕು ಅಂತ ಎಡ ಕ್ಲಚ್ ಒತ್ತಿದೆ, ಗಾಡಿ ಸೀದಾ ಬಲಗಡೆ ಧರೆ (ಕಡಿದಾದ ಮಣ್ಣಿನ ಅಂಚು) ಕಡೆಗೆ. ಗಾಬರೀಲಿ ಇನ್ನೂ ಜೋರಾಗಿ ಒತ್ತಿದೆ, ಇನ್ನೂ ಬಲಕ್ಕೆ. ಟ್ರೈಲರ್ ಬ್ರೇಕ್ ತುಳಿದು, ಒಂದು ಹಲಸಿನ ಮರದ ಬುಡಕ್ಕೆ ಬಂಪರ್ ತಾಗಿ ನಿಂತೆ. ಮರಕ್ಕೂ ಧರೆಗೂ ಒಂದು ಮಾರು ಅಂತರ. ಈಗ ಮೇಲಿಂದ ಇಳಿಯೋಕೆ ಮುಂಚೇನೇ ಸಣ್ಣ ಗೇರಿಗೆ ಹಾಕ್ತೀನಿ, ಕ್ಲಚ್ ಮುಟ್ಟೋದೇ ಇಲ್ಲ, ಹಿಡಿಕೆನೇ ಮೈ ಕೊಟ್ಟು ಒತ್ತಿ ತಿರುಗಿಸ್ತೀನಿ. ಮನೇಲಿ ಇದನ್ನ ಹೇಳಿಲ್ಲ. ಬಂಪರ್ ನೆಗ್ಗಿದ್ದು ಮೊದಲಿಂದ್ಲೇ ಇತ್ತು ಅಂತ ಹೇಳಿದೀನಿ.

ಖರ್ಚು ಕೇಳ್ತೀರಿ ಅಂತ ಗೊತ್ತು. ಗಾಡಿ, ಪಿಕಪ್ ಬಾಡಿಗೆ, ಇಂಜಿನ್ ಸಾಮಾನು, ಪಂಪ್ ಕೆಲಸ, 6-12 ಸೈಜಿನ ಎರಡು ಹೊಸ ಟೈರು (ಇದೇ 7,600 ಆಯ್ತು), ಬೆಲ್ಟು, ಸೀಲು, ಬೇರಿಂಗು, ಲೇಥು, ಮೆಕ್ಯಾನಿಕ್ ಅಣ್ಣಂಗೆ ಕೊಟ್ಟಿದ್ದು, ಒಟ್ಟು 53,600. ಬಣ್ಣ ಹೊಡೆಸಿಲ್ಲ. ಟ್ಯಾಂಕ್ ವೆಲ್ಡ್ ಮಾಡಿಸೋಕೆ ಉಜ್ಜಿದಾಗ ಅಡಿಗಡೆ ಹಳೇ ಕೆಂಪು ಕಾಣಿಸ್ತು, ಅದರ ಮೇಲೆ ಯಾರೋ ಗೇಟಿಗೆ ಹೊಡೆಯೋ ಹಸಿರು ಬಳಿದಿದ್ರು. ಹೊಳೆಯೋ ಹಾಗೆ ಪೇಂಟ್ ಮಾಡಿ ಇಡೋರೂ ಇದ್ದಾರೆ, ನನಗೆ ಅದರಲ್ಲಿ ಆಸಕ್ತಿ ಇಲ್ಲ, ಎರಡನೇ ದಿನ ಗದ್ದೆಗೆ ಇಳಿದ್ರೆ ಎಲ್ಲಾ ಗಾಡಿನೂ ಕೆಸರಿನ ಬಣ್ಣವೇ.

ಈ ಮಳೆಗಾಲ ಪೂರ್ತಿ ಔಷಧಿ ಡ್ರಮ್ ಅದೇ ಹೊತ್ತಿದೆ. ಸೊಪ್ಪೂ ಬಂತು. ಪಕ್ಕದ ಮನೆ ಮಾವ ಎರಡು ದಿನ ಕೇಳಿ ತಗೊಂಡೋಗಿ, ವಾಪಸ್ ಕೊಡೋವಾಗ ಟ್ಯಾಂಕ್ ಫುಲ್ ಮಾಡಿ ಕೊಟ್ರು, ಅಷ್ಟರಮಟ್ಟಿಗೆ ಗಾಡಿಗೆ ಊರಲ್ಲಿ ಮರ್ಯಾದೆ ಬಂದಿದೆ.

ಒಂದು ವಿಷ್ಯ ಮಾತ್ರ ಮೆಕ್ಯಾನಿಕ್ ಅಣ್ಣಂಗೆ ಹೇಳಿಲ್ಲ, ಅವ್ರು ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಕಳೆದ ತಿಂಗಳು ಸೈಡ್ ಕವರಿಂದ ಆಯಿಲ್ ಜಿನುಗೋಕೆ ಶುರುವಾಯ್ತು, ನಾವು ಅಂಗಡಿಯಿಂದ ತಂದು ಹಾಕಿದ್ದ ಪ್ಯಾಕಿಂಗ್ ಶೀಟೇ ಹರಿದಿತ್ತು. ಭಾನುವಾರ, ಅಂಗಡಿ ಬಾಗಿಲು, ಮರುದಿನ ಬೆಳಗ್ಗೆ ಔಷಧಿಗೆ ಜನ ಬರ್ತಿದ್ದಾರೆ. 2004ರ ಮದುವೆ ಕಾಗದ ತೆಗೆದಿಟ್ಟಿದ್ದೆ, ಆದ್ರೆ ಅದು ಎಬ್ಬಿಸೋವಾಗಲೇ ಎರಡು ತುಂಡಾಗಿತ್ತು. ಗೋಡೆ ಮೇಲಿನ ಕ್ಯಾಲೆಂಡರ್ ಹಿಂದೆ ಕೈ ಹಾಕಿದೆ, ಹೆಂಡತಿ ತಮ್ಮನ ಗೃಹಪ್ರವೇಶದ ಕಾಗದ ಸಿಕ್ತು, ಒಳ್ಳೇ ದಪ್ಪದ್ದು, ಬಂಗಾರದ ಅಂಚು ಬೇರೆ. ಕವರಿನ ಮೇಲಿಟ್ಟು ಸುತ್ತಿಗೇಲಿ ತಟ್ಟಿ ಕತ್ತರಿಸಿ, ಎರಡೂ ಕಡೆ ಗ್ರೀಸ್ ಹಚ್ಚಿ ಕೂರಿಸಿ ಬೋಲ್ಟ್ ಬಿಗಿ ಮಾಡ್ದೆ. ಒಂದು ಹನಿ ಸೋರಿಲ್ಲ. ಅಕ್ಷರ ಇರೋ ಕಡೆನ ಹೊರಗೆ ಬರೋ ಹಾಗೆ ಇಟ್ಟಿದೀನಿ, ಊಟದ ಸಮಯ ಮಧ್ಯಾಹ್ನ 12-30ಕ್ಕೆ ಅನ್ನೋದು ಕವರ್ ತೆಗೆದ ಕೂಡಲೇ ಕಾಣತ್ತೆ.